ಹೊರಕೋಣೆಯ ಎರಡನೆಯ ಬಾಗಿಲು

ಮನೆಯಲ್ಲಿಯೇ ವೃತ್ತಿಯನ್ನು ನಡೆಸುತ್ತಿದ್ದ ಹಿಂದಿನವರ ಔದಾರ್ಯವನ್ನು ವರ್ಣಿಸಹೊರಟ ನಮ್ಮ ಪ್ರಬಂಧಕಾರರಲ್ಲಿ ಜಗಲಿಯನ್ನು ಹೊಗಳದವರು ವಿರಳ. ಶಾನುಭೋಗರು ಲೆಕ್ಕದ ಪುಸ್ತಕವನ್ನು ಬಿಚ್ಚಿದ್ದು ಅಲ್ಲಿ, ಪಂಡಿತರು ನಾಡಿ ಹಿಡಿದದ್ದು ಅಲ್ಲಿ, ವಕೀಲರು ಕಕ್ಷಿದಾರನ ಅಹವಾಲನ್ನು ಕೇಳಿದ್ದೂ ಅಲ್ಲಿಯೇ. ನಂಜನಗೂಡಿನಂಥ ಯಾತ್ರಾಸ್ಥಳದಲ್ಲಿ, ದೊಡ್ಡ ಜಾತ್ರೆಯ ರಾತ್ರಿಗಳಲ್ಲಿ ಅಪರಿಚಿತರಿಗೆ ಮಲಗಲು ತಾವು ಕೊಟ್ಟ ಜಗಲಿಯ ವಿಷಯದಲ್ಲಿ ಜನರಿಗೆ ಕೃತಜ್ಞತೆಯಿರುವುದು ಸಹಜವೇ ಸರಿ. ಆದರೆ ತಂಗಲು ಬಂದವನನ್ನು ಸತ್ಕರಿಸುವುದು ಬೇರೆ, ಕಷ್ಟ ಹೇಳಿಕೊಳ್ಳಲು ಬಂದವನನ್ನು ಬರಮಾಡಿಕೊಳ್ಳುವುದು ಬೇರೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದುದರಿಂದ ಜಗಲಿಗೆ ಸಲ್ಲಬಾರದ ಕೀರ್ತಿ ಸಂದು, ಅದರ ಪಕ್ಕದಲ್ಲಿಯೇ ಇದ್ದ ವಕೀಲರ ಹೊರಕೋಣೆಯು ಯಾರ ಕಣ್ಣಿಗೂ ಬೀಳದೆ ಹೋಯಿತು.

ಅಂಥ ಹೊರಕೋಣೆಯೊಂದು ನಂಜನಗೂಡಿನ ತೇರಿನ ಬೀದಿಯಿಂದ ಒಡೆಯುವ ಓಣಿಯಲ್ಲಿ ಇಂದಿಗೂ ಇದೆ. ಬೀದಿಯಿಂದ ಮೂರು ಮೆಟ್ಟಿಲು. ಮನೆಯ ಹೆಬ್ಬಾಗಿಲಿಗೂ ಇದಕ್ಕೂ ಸಂಬಂಧವಿಲ್ಲದಂತೆ, ಎರಡು ಮಾರು ಈಚೆಗೆ, ಒಂಟಿ ಕದದ ಬೇರೆಯೇ ಬಾಗಿಲು. ಒಳಗೆ ಕಾಲಿಟ್ಟವನಿಗೆ ಎಡಗಡೆಯ ಗೋಡೆಯುದ್ದಕ್ಕೂ ಹಲಗೆಯ ಬೆಂಚು, ಬಲಕ್ಕೆ ಲಾಡಿ ಕಟ್ಟಿದ ಕೇಸಿನ ಕಟ್ಟುಗಳ ಬೀರು, ಎದುರಿಗೆ ಮೇಜು. ಗಮನಿಸಬೇಕಾದುದು ಈ ಮೇಜಿನ ಸ್ಥಾನವನ್ನು. ಪಡಸಾಲೆಗೆ ತೆರೆಯುವ ಒಳಬಾಗಿಲಿಗೆ ಬೆನ್ನು ಮಾಡಿ ವಕೀಲರು ಕುಳಿತುಕೊಳ್ಳುವಂತೆ ಅದನ್ನು ಹಾಕಲಾಗಿದೆ. ಹೀಗಾಗಿ ಮನೆಯೊಳಗಿನಿಂದ ಯಾರು ಇಣುಕಿದರೂ ಅವರಿಗೆ ಕಾಣುವುದು ವಕೀಲರ ಬೆನ್ನು ಮಾತ್ರ; ಕಕ್ಷಿದಾರನ ಮುಖ ಆ ಬೆನ್ನಿನ ಮರೆಯಲ್ಲಿ ಉಳಿಯುತ್ತದೆ. ಇನ್ನೂ ಸೂಕ್ಷ್ಮವಾದ ಸಂಗತಿಯೆಂದರೆ, ಒಳಬಾಗಿಲಿನ ಚಿಲಕವಿರುವುದು ಕೋಣೆಯ ಕಡೆಗೆ. ಮನೆಯವರು ಕಚೇರಿಯನ್ನು ಹೊರಗಿಡುವಂತಿಲ್ಲ, ಕಚೇರಿಯು ಮನೆಯವರನ್ನು ಹೊರಗಿಡಬಲ್ಲದು. ಮೈದುನನ ಮೇಲೆ ಪಾಲಿನ ದಾವೆ ಹೂಡಲು ಬಂದ ವಿಧವೆಯೊಬ್ಬಳು ತನ್ನ ಮಾತನ್ನು ಆರಂಭಿಸುವ ಮುನ್ನ ಆ ಚಿಲಕ ಬೀಳುವ ಶಬ್ದವನ್ನು ಕೇಳುತ್ತಿದ್ದಳೆಂಬುದನ್ನು ನೆನೆದರೆ, ಆ ಎರಡಂಗುಲದ ಕಬ್ಬಿಣವು ಮಾಡಿದ ಕೆಲಸವನ್ನು ಯಾವ ಉಪಚಾರದ ನುಡಿಯೂ ಮಾಡಲಾರದೆಂದು ತಿಳಿಯುತ್ತದೆ. 1872ರ ಸಾಕ್ಷ್ಯ ಅಧಿನಿಯಮದ 126ನೆಯ ಕಲಮು ಕಕ್ಷಿದಾರನು ಹೇಳಿದ್ದನ್ನು ಅವನ ಒಪ್ಪಿಗೆಯಿಲ್ಲದೆ ಹೊರಗೆಡಹಬಾರದೆಂದು ವಕೀಲನ ನಾಲಗೆಯನ್ನು ಕಟ್ಟಿತು. 2023ರ ಹೊಸ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ಆದರೆ ನೆರೆಮನೆಯವರ ಕಿವಿಯನ್ನು ಯಾವ ಕಲಮೂ ಕಟ್ಟಿರಲಿಲ್ಲ. ಆ ಕೊರತೆಯನ್ನು ತುಂಬಿದವನು ನಂಜನಗೂಡಿನ ಬಡಗಿ.

ಜಗಲಿಯಲ್ಲಿ ಎಲ್ಲರೂ ಸಮಾನರಾಗಿ ಕುಳಿತರೆಂದು ಬರೆಯುವವರೊಡನೆ ನನಗೆ ತೀವ್ರವಾದ ಭಿನ್ನಾಭಿಪ್ರಾಯವಿದೆ. ಜಗಲಿಯ ಮೇಲೆ ಚಾಪೆ ಯಾರಿಗೆ, ಬರಿಯ ನೆಲ ಯಾರಿಗೆ, ಅಂಗಳದಲ್ಲಿ ನಿಂತೇ ಮಾತನಾಡಬೇಕಾದವರು ಯಾರು ಎಂಬುದನ್ನು ಜಾತಿಯು ಮೊದಲೇ ನಿರ್ಣಯಿಸಿಟ್ಟಿತ್ತು. ಇದನ್ನು ಬಲ್ಲವರೂ ಬರೆಯುವಾಗ ಮರೆಯುತ್ತಾರೆ. ಶಾನುಭೋಗರ ಜಗಲಿಗಂತೂ ಜನ ಬಂದುದು ಸ್ವಾಗತವನ್ನು ನಂಬಿ ಎನ್ನಲಾಗದು. ಹೊಲದ ಲೆಕ್ಕ ಅವರ ಕೈಯಲ್ಲಿದ್ದುದರಿಂದ ಬಾರದೆ ಗತಿಯಿರಲಿಲ್ಲ. ವಂಶಪಾರಂಪರ್ಯದ ಆ ಅಧಿಕಾರವನ್ನು 1961ರ ಗ್ರಾಮಾಧಿಕಾರಗಳ ರದ್ದತಿ ಶಾಸನ ತೆಗೆದುಹಾಕಿದ ಮೇಲೆ ಆ ಜಗಲಿಗಳು ಬರಿದಾದುವೆಂದು ಮರುಗುವವರು, ಬರಿದಾದುದಕ್ಕೆ ಕಾರಣವೇನೆಂದು ಒಮ್ಮೆ ಕೇಳಿಕೊಳ್ಳಬೇಕಾಗಿತ್ತು. ನಾನು ಹತ್ತು ವರ್ಷದವನಾಗಿದ್ದಾಗ ತಂದೆಯವರೊಡನೆ ವಕೀಲರೊಬ್ಬರ ಜಗಲಿಗೆ ಹೋಗಿದ್ದೆ. ಅಡವಿಟ್ಟ ಗದ್ದೆಯ ಮಾತು. ತಂದೆಯವರು ಧ್ವನಿಯನ್ನು ಇಳಿಸಿದಷ್ಟೂ ವಕೀಲರು “ಗಟ್ಟಿಯಾಗಿ ಹೇಳಿ” ಎನ್ನುತ್ತಿದ್ದರು. ಮರುದಿನ ಹೋಟೆಲಿನಲ್ಲಿ ಕಾಫಿ ತಂದಿಟ್ಟವನೇ “ಗದ್ದೆ ಬಿಡಿಸಿಕೊಂಡಿರಾ, ಸ್ವಾಮಿ?” ಎಂದು ವಿಚಾರಿಸಿದ. ತಂದೆಯವರು ಲೋಟವನ್ನು ಮುಟ್ಟದೆ ಎದ್ದರು. ಜಗಲಿಯ ತಂಪನ್ನೂ, ಕೇಳದೆಯೇ ಬರುತ್ತಿದ್ದ ನೀರಿನ ಚೊಂಬನ್ನೂ ನಾನು ಅಲ್ಲಗಳೆಯುವುದಿಲ್ಲ; ಆದರೆ ಅವು ಬಂದವನ ಗುಟ್ಟನ್ನು ಕಾಯಲಿಲ್ಲ.



ತಿರುಮಕೂಡಲು ನರಸೀಪುರದ ಹೊಸ ಬಡಾವಣೆಗಳಲ್ಲಿ ಮನೆಯೊಳಗೇ ಕಚೇರಿ ಮಾಡಿಕೊಂಡಿರುವ ತರುಣ ವಕೀಲರು, ಲೆಕ್ಕಪರಿಶೋಧಕರು, ಜಗಲಿಯನ್ನು ಬಿಟ್ಟರೂ ಜಗಲಿಯ ದೋಷವನ್ನು ಬಿಟ್ಟಿಲ್ಲ. ಕಕ್ಷಿದಾರನು ಕಾರು ನಿಂತಿರುವ ಮುಂಗಟ್ಟನ್ನು ದಾಟಿ, ಟಿವಿ ನೋಡುತ್ತಿರುವ ಮಕ್ಕಳನ್ನು ಹಾದು, ಗಾಜಿನ ಮರೆಯ ಹಿಂದಿರುವ ಕೋಣೆಗೆ ಬರಬೇಕು. ಮಾಧವಮಂತ್ರಿ ನಾಲೆಯ ಬಯಲಿನಿಂದ, ನೀರಿನ ಸರದಿಯ ವ್ಯಾಜ್ಯವನ್ನು ಹೊತ್ತು ಬಂದ ರೈತ ಹೊಳೆಯುವ ನೆಲವನ್ನು ಕಂಡು ಹೊಸ್ತಿಲಿನಲ್ಲಿಯೇ ಕಾಲನ್ನು ಹಿಂದಕ್ಕೆ ತೆಗೆದುದನ್ನು ನಾನು ಕಂಡಿದ್ದೇನೆ. ಕೂರಿಸಿದರೆ ಸೋಫಾದ ತುದಿಯಲ್ಲಿ ಕುಳಿತ. ಅದು ತೀರ ತಗ್ಗು, ಮೊಣಕಾಲು ಎದೆಗೆ ಬರುತ್ತದೆ, ಪಹಣಿಯ ಪ್ರತಿಗಳನ್ನಿಟ್ಟ ಚೀಲವನ್ನು ಇಡಲು ಪಕ್ಕದಲ್ಲಿ ತಾವಿಲ್ಲ. ಬೆಂಚಿನ ಮೇಲಾದರೆ ಚೀಲಕ್ಕೂ ಸ್ಥಳವಿತ್ತು, ಜೊತೆಗೆ ಬಂದ ಅಣ್ಣನಿಗೂ ಇತ್ತು, ಬೆನ್ನು ನೆಟ್ಟಗಿರುತ್ತಿತ್ತು.

ಇದೇ ಊರಿನಲ್ಲಿ ವಕೀಲೆಯೊಬ್ಬರು ಮೆಟ್ಟಿಲಿನ ಕೆಳಗೆ ಸ್ಕೂಟರು ನಿಲ್ಲಿಸುತ್ತಿದ್ದ ಕೋಣೆಯನ್ನು ಕಚೇರಿ ಮಾಡಿಕೊಂಡು, ವಾಸ್ತುವಿಗೆ ಆಗದೆಂದು ಮೇಸ್ತ್ರಿ ಎಷ್ಟು ಹೇಳಿದರೂ ಕೇಳದೆ, ಪಕ್ಕದ ಓಣಿಗೆ ಗೋಡೆ ಒಡೆಸಿ ಬಾಗಿಲಿಟ್ಟರು. ನಾಮಫಲಕ ಒಂದು ಮೊಳಕ್ಕೆ ಮೀರಿಲ್ಲ. ಫಲಕವು ಮಿತವಾದ ಅಳತೆಯದಾಗಿರಬೇಕೆಂಬ ವಕೀಲರ ಪರಿಷತ್ತಿನ ನಿಯಮವನ್ನು ಅವರು ಅಕ್ಷರಶಃ ಪಾಲಿಸಿದ್ದಾರೆ. ಒಳಬಾಗಿಲಿನ ಚಿಲಕ ಕೋಣೆಯ ಕಡೆಗೇ ಇದೆ. ಕೂರಲು ಮಾತ್ರ ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳು. ಬೆಂಚನ್ನು ಮಾಡಿಸಿರೆಂದು ಎರಡು ಸಲ ಹೇಳಿ ಬಂದಿದ್ದೇನೆ.