ಹೆಸರು ಕೇಳುವ ಬಾಗಿಲು

ಜಾಲತಾಣದಿಂದ ಒಂದು ಪುಟವನ್ನು ಕೇಳುವಾಗ ಪ್ರತಿ ಬ್ರೌಸರೂ ತನ್ನ ಗುರುತು ಹೇಳುವ ಒಂದು ಸಾಲನ್ನು ಕಳಿಸುತ್ತದೆ. ಅದಕ್ಕೆ ಯೂಸರ್ ಏಜೆಂಟ್ ಎಂದು ಹೆಸರು. ನಮ್ಮ ಕಣ್ಣಿಗೆ ಬೀಳದ ಈ ಸಾಲನ್ನು ಒಂದು ಪಠ್ಯವೆಂದುಕೊಂಡು ಓದಿದರೆ ವಿಚಿತ್ರವೊಂದು ಎದುರಾಗುತ್ತದೆ. ಇಂದಿನ ಕ್ರೋಮ್ ತನ್ನನ್ನು ಮೊದಲು 'ಮೊಜಿಲ್ಲಾ' ಎಂದು ಕರೆದುಕೊಳ್ಳುತ್ತದೆ. ಆಮೇಲೆ ಆಪಲ್‌ವೆಬ್‌ಕಿಟ್, ಕೆಎಚ್‌ಟಿಎಂಎಲ್, 'ಗೆಕ್ಕೋ ಹಾಗೆ' ಎನ್ನುತ್ತದೆ. ಬಳಿಕ ಸ್ವಂತ ಹೆಸರು, ಕೊನೆಗೆ ಸಫಾರಿ. ಇರುವುದು ಒಂದೇ ಸಾಲು, ಅದರಲ್ಲಿ ಹೆಚ್ಚಿನವು ಬೇರೆಯವರ ಹೆಸರು.

ಹಸ್ತಪ್ರತಿ ಸಂಪಾದಿಸುವವರು ಒಂದು ಪದ ಪಠ್ಯದೊಳಗೆ ಯಾವಾಗ ಸೇರಿತು, ಯಾಕೆ ಸೇರಿತು ಎಂದು ಕೇಳುತ್ತಾರೆ. ಇಲ್ಲೂ ಅದೇ ಪ್ರಶ್ನೆ ಕೇಳಬೇಕು.

1994ರಲ್ಲಿ ಬಂದ ನೆಟ್‌ಸ್ಕೇಪ್ ಬ್ರೌಸರಿನ ಒಳಹೆಸರು ಮೊಜಿಲ್ಲಾ. ಪುಟವನ್ನು ಭಾಗ ಮಾಡಿ ತೋರಿಸುವ ಫ್ರೇಮ್‌ನಂಥ ಹೊಸ ಸೌಲಭ್ಯಗಳು ಅದಕ್ಕೆ ಗೊತ್ತಿದ್ದವು. ಹಾಗಾಗಿ ತಾಣಗಳು ಮೊಜಿಲ್ಲಾ ಎಂದವರಿಗೆ ಹೊಸ ಪುಟ, ಉಳಿದವರಿಗೆ ಸಾದಾ ಪುಟ ಕೊಡತೊಡಗಿದವು. ಉದ್ದೇಶ ಕೆಟ್ಟದ್ದಲ್ಲ, ಅರ್ಥವಾಗದವರಿಗೆ ಮುರುಕು ಪುಟ ಸಿಗದಿರಲಿ ಎಂಬ ಕಾಳಜಿಯೇ. ಆದರೆ ಆ ವಿದ್ಯೆಯನ್ನು ಇತರರು ಕಲಿತ ಮೇಲೂ ಬಾಗಿಲು ಹೆಸರಿಗೇ ತೆರೆಯುತ್ತಿತ್ತು. ಮೈಕ್ರೋಸಾಫ್ಟ್‌ನ ಎಕ್ಸ್‌ಪ್ಲೋರರ್ ತಾನೂ ಮೊಜಿಲ್ಲಾ ಎಂದಿತು. ಮುಂದೆ ಬಂದ ಕಾಂಕರರ್, 2003ರ ಸಫಾರಿ, 2008ರ ಕ್ರೋಮ್ ಒಂದೊಂದೂ ಹಿಂದಿನವರ ಹೆಸರನ್ನು ಹೊತ್ತುಕೊಂಡವು. ಈ ಪಠ್ಯವನ್ನು ಬರೆದದ್ದು ಬ್ರೌಸರ್‌ಗಳಾದರೂ ಬರೆಸಿದ್ದು ಅದನ್ನು ಅವಸರದಲ್ಲಿ ಓದಿದ ತಾಣಗಳು.

ಆ ಓದು ಎಷ್ಟು ಅವಸರದ್ದು ಎನ್ನುವುದಕ್ಕೆ ಒಪೆರಾ ಸಾಕ್ಷಿ. 2009ರಲ್ಲಿ ಅದರ ಹತ್ತನೆಯ ಆವೃತ್ತಿ ಸಿದ್ಧವಾದಾಗ ಹಲವು ತಾಣಗಳು ಸಂಖ್ಯೆಯ ಮೊದಲ ಅಂಕಿಯನ್ನಷ್ಟೇ ಓದಿ, ಅದನ್ನು ಒಂದನೆಯ ಆವೃತ್ತಿ ಎಂದುಕೊಂಡವು. ಹತ್ತನೆಯದು ತನ್ನನ್ನು 9.80 ಎಂದು ಪರಿಚಯಿಸಿಕೊಂಡು, ನಿಜವಾದ ಸಂಖ್ಯೆಯನ್ನು ಸಾಲಿನ ಕೊನೆಗೆ ಸರಿಸಬೇಕಾಯಿತು.

ಇದು ಅಜ್ಞಾನ ಎನ್ನೋಣ. 2003ರ ಪ್ರಕರಣವನ್ನು ಹಾಗೆ ಬಿಡಲಾಗದು. ಮೈಕ್ರೋಸಾಫ್ಟ್‌ನ ಎಂಎಸ್‌ಎನ್ ತಾಣ ಒಪೆರಾ 7ಕ್ಕೆ ಕಳಿಸುತ್ತಿದ್ದ ಶೈಲಿಹಾಳೆಯಲ್ಲಿ ಪಟ್ಟಿಯ ಅಂಶಗಳನ್ನು 30 ಪಿಕ್ಸೆಲ್ ಎಡಕ್ಕೆ ತಳ್ಳುವ ಸೂಚನೆಯಿತ್ತು. ಪುಟ ಕೆಟ್ಟು ಕಂಡರೆ ನೋಡುಗರು ಬೈಯುವುದು ಬ್ರೌಸರನ್ನೇ. ಒಪೆರಾದವರು ಹೆಸರಿನ ಅಕ್ಷರಗಳನ್ನು ಬದಲಿಸಿ 'ಓಪ್ರಾ' ಎಂದು ಕೇಳಿ ನೋಡಿದರು. ಆ ಹಾಳೆ ಬರಲಿಲ್ಲ. ಶೈಲಿಹಾಳೆಯ ಕಲ್ಪನೆಯನ್ನು 1994ರಲ್ಲಿ ಮುಂದಿಟ್ಟ ಹೋಕನ್ ವಿಯುಮ್ ಲೀ ಆಗ ಒಪೆರಾದಲ್ಲೇ ಇದ್ದರು. ಪ್ರತಿಭಟನೆಯಾಗಿ ಅವರ ಕಂಪನಿ, ಎಂಎಸ್‌ಎನ್ ಪುಟವನ್ನು ಮಾತ್ರ ಅರ್ಥವಿಲ್ಲದ ಬಡಬಡಿಕೆಯಾಗಿ ತೋರಿಸುವ ವಿಶೇಷ ಆವೃತ್ತಿಯೊಂದನ್ನು ಹೊರತಂದಿತು. ಪುಟ ಓದುಗರನ್ನು ಕಾಣುವ ಬಗೆಯನ್ನು ಅಣಕಿಸಿದ ಇದನ್ನು ಒಳ್ಳೆಯ ವಿಡಂಬನೆ ಎನ್ನಲು ನನಗೆ ಸಂಕೋಚವಿಲ್ಲ.

ಬೇರೆ ದಾರಿಯೂ ಇದೆ. 'ನೀನು ಯಾರು' ಎನ್ನದೆ 'ನಿನಗೆ ಇದು ಬರುತ್ತದೆಯೇ' ಎಂದು ಬ್ರೌಸರನ್ನೇ ಪರೀಕ್ಷಿಸಬಹುದು. ಬಲ್ಲವರು ಬಹುಕಾಲದಿಂದ ಸಲಹೆ ಮಾಡುತ್ತಿರುವುದೂ ಇದನ್ನೇ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ. ಲೇಖಕರ ಹೆಸರು ನೋಡಿ ಬೆಲೆ ಕಟ್ಟುವ ವಿಮರ್ಶೆಗೂ ಕೃತಿ ತೆರೆದು ಓದುವ ವಿಮರ್ಶೆಗೂ ಇರುವ ಅಂತರವೇ ಇದು. ಮೊದಲನೆಯದು ಸುಲಭ, ಆದ್ದರಿಂದಲೇ ಅದು ಸಾಯುವುದಿಲ್ಲ.

ಅದರ ಬೆಲೆ ತೆರುವವರು ಮಾತ್ರ ಸಣ್ಣವರು. ಒಪೆರಾ ಕಟ್ಟಿದವರಲ್ಲಿ ಒಬ್ಬರಾದ ಯೋನ್ ವಾನ್ ಟೆಟ್ಸ್‌ನರ್ ಮುಂದೆ ವಿವಾಲ್ಡಿ ಎಂಬ ಬ್ರೌಸರ್ ಆರಂಭಿಸಿದರು. ಅದರ ತಿರುಳು ಕ್ರೋಮ್‌ನದ್ದೇ. ಆದರೂ ಹೆಸರಿನ ಕಾರಣಕ್ಕೆ ಕೆಲವು ತಾಣಗಳು ಅದನ್ನು ಹೊರಗಿಟ್ಟವು. 2019ರ ಡಿಸೆಂಬರಿನಲ್ಲಿ ಅದು ಬಹುತೇಕ ಕಡೆ ತನ್ನ ಹೆಸರನ್ನೇ ಅಳಿಸಿಕೊಂಡು, ಕ್ರೋಮ್ ಎಂದಷ್ಟೇ ಹೇಳತೊಡಗಿತು. ಬಾಗಿಲುಗಳು ತೆರೆದವು. ಆದರೆ ಯಾವ ಬ್ರೌಸರನ್ನು ಎಷ್ಟು ಜನ ಬಳಸುತ್ತಾರೆ ಎಂಬ ಲೆಕ್ಕ ನಡೆಯುವುದೂ ಇದೇ ಸಾಲಿನಿಂದ. ಹೆಸರು ಅಳಿಸಿದವರು ಆ ಲೆಕ್ಕದಿಂದಲೂ ಅಳಿಯುತ್ತಾರೆ. ಆಮೇಲೆ ಲೆಕ್ಕದ ಪಟ್ಟಿ ಹಿಡಿದವರು 'ಅದನ್ನು ಬಳಸುವವರೇ ಇಲ್ಲವಲ್ಲ, ಅದಕ್ಕಾಗಿ ಯಾಕೆ ಶ್ರಮಪಡಬೇಕು' ಎನ್ನಬಹುದು. ಪಟ್ಟಿಯ ಮಟ್ಟಿಗೆ ಅವರ ಮಾತು ನಿಜವೂ ಆಗಿರುತ್ತದೆ.