ಕಲ್ಪನಾಸ್ವರ ಕೇಳುವ ಬಗೆ

ಕೃತಿ ಮುಗಿಯುತ್ತ ಬಂದಿದೆ. ಹಾಡುಗಾರರು ಪಲ್ಲವಿಗೆ ಮರಳಿ, ಅದೇ ಸಾಲನ್ನು ಎರಡು ಸಲ ಹಾಡಿ, ಸಾಹಿತ್ಯ ಬಿಟ್ಟು ‘ಗಾ, ಪಗರಿ’ ಎಂದು ಸ್ವರ ಹಿಡಿಯುತ್ತಾರೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಚೇರಿಗೆ ಹೊಸದಾಗಿ ಬಂದವರು ಕೈಚೆಲ್ಲುವುದು ಇಲ್ಲೇ. “ಆಲಾಪನೆ ಚೆನ್ನಾಗಿತ್ತು, ಸ್ವರ ಶುರುವಾದ ಮೇಲೆ ಏನೂ ತಿಳೀಲಿಲ್ಲ” ಎಂದು ಪಕ್ಕದ ಕುರ್ಚಿಯವರು ನನಗೆ ಎಷ್ಟೋ ಸಲ ಹೇಳಿದ್ದಾರೆ. ಈ ಬರಹ ಅವರಿಗಾಗಿ.

ಹೀಗೆ ಹಿಡಿಯುವ ಸ್ವರವೇ ಕಲ್ಪನಾಸ್ವರ. ಅದು ಅಲ್ಲೇ, ನಿಮ್ಮೆದುರಿಗೇ ಹುಟ್ಟುತ್ತದೆ. ಆದರೆ ಸ್ಫೂರ್ತಿ ಬರಲಿ ಎಂದು ಕಾಯಲು ವೇದಿಕೆಯಲ್ಲಿ ಬಿಡುವಿಲ್ಲ. ಗಂಟಲು ಕಟ್ಟಿರಲಿ, ಮನಸ್ಸು ಎಲ್ಲೋ ಇರಲಿ, ತಾಳದ ಮುಂದಿನ ಘಾತ, ಅಂದರೆ ತಟ್ಟು, ಬಂದೇ ಬರುತ್ತದೆ. ಹಾಗಾಗಿ ವಿದ್ವಾಂಸರು ತಮ್ಮ ಸುತ್ತ ತಾವೇ ಬೇಲಿ ಕಟ್ಟಿಕೊಂಡು ಅದರೊಳಗೆ ಹೊಸದನ್ನು ಹುಡುಕುತ್ತಾರೆ. ಕೇಳುವವರು ಗುರುತಿಸಬೇಕಾದದ್ದು ಆ ಬೇಲಿಯನ್ನು.

ಮೋಹನ ರಾಗ, ಆದಿತಾಳ ಎಂದಿಟ್ಟುಕೊಳ್ಳಿ. ಸ್ವರ ಐದೇ: ಸ ರಿ ಗ ಪ ದ. ಮೊದಲು, ಎಲ್ಲಿ ತಂಗುತ್ತಾರೆ ಎಂದು ಗಮನಿಸಿ. ನಾಲ್ಕಾರು ಸುತ್ತು ಗಾಂಧಾರದ ಸುತ್ತಲೇ ತಿರುಗಿ, ಆಮೇಲೆ ಪಂಚಮಕ್ಕೆ, ಧೈವತಕ್ಕೆ, ತಾರಷಡ್ಜಕ್ಕೆ ಏರುತ್ತಾರೆ. ಒಂದೇ ಸ್ವರದಲ್ಲಿ ನಿಂತು ಅದಕ್ಕೆ ಎಷ್ಟು ದಾರಿಗಳಿವೆ ಎಂದು ತೋರಿಸುವ ಗಾಯಕರು ನನಗೆ ಬಹಳ ಪ್ರಿಯ. ವೇಗಕ್ಕಿಂತ ಅದು ಕಷ್ಟ.

ಆಮೇಲೆ ಲೆಕ್ಕ. ತೊಡೆಯ ಮೇಲೆ ತಾಳ ಹಾಕಿ: ಒಂದು ಘಾತ, ಮೂರು ಬೆರಳು, ಮತ್ತೆ ಎರಡು ಸಲ ಘಾತ ಮತ್ತು ವಿಸರ್ಜಿತ (ಅಂಗೈ ಮೇಲಕ್ಕೆ ತಿರುಗಿಸುವುದು). ಒಂದು ಆವರ್ತಕ್ಕೆ ಎಂಟು ಎಣಿಕೆ, ಎಣಿಕೆಗೆ ನಾಲ್ಕು ಮಾತ್ರೆಯಂತೆ 32. ಗಾಯಕರು ಐದನೆಯ ಎಣಿಕೆಗೆ ‘ದಪಗರಿ’ ಎಂದು ಶುರುಮಾಡುತ್ತಾರೆ. ಎರಡು ಮಾತ್ರೆ ಮೌನ. ಮತ್ತೆ ‘ದಪಗರಿ’. ಮತ್ತೆ ಎರಡು ಮೌನ. ಮೂರನೆಯ ‘ದಪಗರಿ’ ಮುಗಿಯುವಾಗ ನಾಲ್ಕು ಮೂರಲಿ ಹನ್ನೆರಡು, ಮೌನ ನಾಲ್ಕು, ಒಟ್ಟು 16. ಕೈ ಸಮಕ್ಕೆ, ಅಂದರೆ ಆವರ್ತದ ಮೊದಲ ಘಾತಕ್ಕೆ, ಬೀಳುವುದಕ್ಕೂ ಪಲ್ಲವಿಯ ‘ಗ’ ಬರುವುದಕ್ಕೂ ಸರಿಹೋಗುತ್ತದೆ. ಮೊದಲ ಸಲ ಇದು ಕೈಗೆ ಹತ್ತಿದ ದಿನ ನಾನು ಮನೆಗೆ ಹೋಗುವವರೆಗೂ ಬಸ್ಸಿನಲ್ಲಿ ಅದನ್ನೇ ತಟ್ಟುತ್ತ ಕೂತಿದ್ದೆ.

ಬೇಲಿ ಕಟ್ಟಿಕೊಂಡು ಅದರೊಳಗೆ ಹೊಸದನ್ನು ಹುಡುಕುವ ಇದೇ ಬುದ್ಧಿ ಕೃತಿರಚನೆಯಲ್ಲೂ ಕೆಲಸ ಮಾಡಿದೆ. ಮೈಸೂರಿನ ಆಸ್ಥಾನದಲ್ಲಿ ವಾಗ್ಗೇಯಕಾರ ಮುತ್ತಯ್ಯ ಭಾಗವತರು ನಾಲ್ವಡಿ ಕೃಷ್ಣರಾಜ ಒಡೆಯರ ಅಪೇಕ್ಷೆಯಂತೆ ಚಾಮುಂಡೇಶ್ವರಿಯ 108 ನಾಮಗಳಿಗೆ ಕೃತಿ ಕಟ್ಟಿದರು. ಮೋಹನದ ಆರೋಹಣಕ್ಕೆ ಕಲ್ಯಾಣಿಯ ಅವರೋಹಣ ಜೋಡಿಸಿ ಮೋಹನಕಲ್ಯಾಣಿ ಎಂಬ ರಾಗ ಮಾಡಿದವರೂ ಅವರೇ.

ಇನ್ನೊಂದು ಮಾತು, ಪಿಟೀಲಿನವರನ್ನು ಮರೆಯಬೇಡಿ. ಗಾಯಕರು ಏನು ಹಾಡುತ್ತಾರೋ ಅವರಿಗೂ ಮೊದಲೇ ಗೊತ್ತಿರುವುದಿಲ್ಲ. ಅವರ ಉತ್ತರ ಮುಂದಿನ ಆವರ್ತದಲ್ಲೇ ಬರಬೇಕು. ಗಾಯಕರ ಸ್ವರ ಮುಗಿದು ಕಮಾನು ತಂತಿಗೆ ತಾಗುವ ಆ ಅರೆಕ್ಷಣದಲ್ಲಿ ಅವರ ಮುಖ ನೋಡಿ.