ಮೂರು ನಿಮಿಷದ ಪ್ಲೇಟು, ಕುಂದಗೋಳದ ಪಾಠ

ಗಂಗೂಬಾಯಿ ಹಾನಗಲ್ಲರ ಮೊದಮೊದಲ ಗ್ರಾಮಫೋನ್ ಪ್ಲೇಟುಗಳಲ್ಲಿ ನಾವು ಬಲ್ಲ ಗಡಸು ದನಿ ಇಲ್ಲ. ಅಲ್ಲಿರುವುದು ಎತ್ತರದ, ತೆಳುವಾದ, ಚುರುಕು ತಾನುಗಳ ಎಳೆಯ ಕಂಠ. 1930ರ ದಶಕದ ಮೊದಲರ್ಧದಲ್ಲಿ ಎಚ್‌.ಎಂ.ವಿ. ಮುಂಬಯಿಯಲ್ಲಿ ಮುದ್ರಿಸಿಕೊಂಡ ಈ ಹಾಡುಗಳಲ್ಲಿ ಕೆಲವು 'ಗಾಂಧಾರಿ' ಎಂಬ ಹೆಸರಿನಲ್ಲಿ ಮಾರಾಟವಾದವು. ಮುಂದೆ ಗಂಟಲಿನ ಚಿಕಿತ್ಸೆಯಾದ ಮೇಲೆ ಅವರ ದನಿಯೇ ಬದಲಾಯಿತು. ಹಳೆಯ ದನಿಗೆ ಸಾಕ್ಷಿಯಾಗಿ ಈ ಪ್ಲೇಟುಗಳಿಗೆ ಬೆಲೆ ಕಟ್ಟಲಾಗದು.

ಸಂಗೀತವಾಗಿ ತೂಗಿದರೆ ಮಾತು ಬೇರೆ. ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟಿನ ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷದ ಹಾಡಷ್ಟೇ ಹಿಡಿಯುತ್ತಿತ್ತು. ಸ್ವರಸ್ವರವಾಗಿ ರಾಗವನ್ನು ಬಿಡಿಸುತ್ತ ಹೋಗುವ ಅವರ ಕಿರಾಣಾ ಘರಾನೆಯ ಗಾಯನಶೈಲಿಗೆ ಅದು ಇಕ್ಕಟ್ಟು. ಆದರೆ ತಪ್ಪೆಲ್ಲ ಪ್ಲೇಟಿನದೆನ್ನಲಾಗದು. ಅದೇ ಘರಾನೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಅಷ್ಟೇ ಹೊತ್ತಿನಲ್ಲಿ ಝಿಂಝೋಟಿಯ ಠುಮರಿಯೊಂದನ್ನು ತುಂಬಿಕೊಟ್ಟರು. ಗದಗಿನ ಹುಡುಗ ಭೀಮಸೇನ ಜೋಶಿ ಅದನ್ನು ಕೇಳಿ ಮರುಳಾಗಿ, 1933ರಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟ. ಏನನ್ನು ಬಿಡಬೇಕೆಂಬುದು ಮಾಗಿದ ಉಸ್ತಾದರಿಗೆ ತಿಳಿದಿತ್ತು. ಇಪ್ಪತ್ತರ ಆಸುಪಾಸಿನ ಗಂಗೂಬಾಯಿ ಸಿಕ್ಕ ಹೊತ್ತಿನೊಳಗೆ ಬಂದುದನ್ನೆಲ್ಲ ಹಾಡಿಬಿಡುವ ಅವಸರದಲ್ಲಿದ್ದಾರೆ. ತಾನಿನ ಮೇಲೆ ತಾನು ಬರುತ್ತದೆ, ಸ್ವರಕ್ಕೆ ನಿಲ್ಲಲು ಪುರಸೊತ್ತಿಲ್ಲ.

ಆ ನಿಲುಗಡೆಯನ್ನು ಅವರಿಗೆ ಕಲಿಸಿದ್ದು ಕುಂದಗೋಳ. ಅಲ್ಲಿದ್ದ ಗುರು ಸವಾಯಿ ಗಂಧರ್ವರ ಬಳಿ ಅವರ ನಿಯಮಿತ ಪಾಠ ಕೂಡಿಬಂದದ್ದು ಈ ಪ್ಲೇಟುಗಳಾದ ಮೇಲೆ. ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ, ಒಂದೊಂದೇ ಸ್ವರಗುಚ್ಛವನ್ನು ತಿದ್ದಿಸಿಕೊಂಡು ಬರುತ್ತಿದ್ದರು. ಊರೂರು ಅಲೆದ ಭೀಮಸೇನರೂ ಕೊನೆಗೆ ಅದೇ ಗುರುವಿನ ಮುಂದೆ ಕೂತರು. ಪ್ಲೇಟು ಒಬ್ಬರಿಗೆ ಹೆಸರು ಕೊಟ್ಟಿತು, ಇನ್ನೊಬ್ಬರಿಗೆ ಹುಚ್ಚು ಹಿಡಿಸಿತು; ವಿದ್ಯೆಗೆ ಇಬ್ಬರೂ ಕುಂದಗೋಳಕ್ಕೇ ಬರಬೇಕಾಯಿತು.

ಮೊರಬದಂಥ ಎರೆಸೀಮೆಯ ಊರುಗಳಿಗೆ ಪ್ಲೇಟು ಪೇಟೆಯ ಸಾಮಾನು. ಅಲ್ಲಿಯವರಿಗೆ ದೊಡ್ಡ ಸಂಗೀತವನ್ನು ಹತ್ತಿರ ತಂದದ್ದು 1950ರ ಜನವರಿಯಲ್ಲಿ ಶುರುವಾದ ಧಾರವಾಡ ಆಕಾಶವಾಣಿ. ರೇಡಿಯೋದಲ್ಲಿಯೂ ಗಡಿಯಾರದ ಕಾಟವಿತ್ತು, ಆದರೆ ಒಂದು ರಾಗ ಉಸಿರಾಡುವಷ್ಟು ಹೊತ್ತು ಸಿಗುತ್ತಿತ್ತು. ಮಾಗಿದ ಗಂಗೂಬಾಯಿ ಸಿಗುವುದು ರೇಡಿಯೋದ ಇಂಥ ದೀರ್ಘ ಮುದ್ರಣಗಳಲ್ಲಿ. ಹಳೆಯ ಪ್ಲೇಟುಗಳನ್ನು ಅವಶ್ಯ ಕೇಳಿ. ಅವುಗಳಿಂದಲೇ ಗಾಯಕಿಯನ್ನು ಅಳೆಯಬೇಡಿ.